ಪಾರ್ಕರ್ ಪ್ರವಚನಗಳ ಬೆನ್ನು ಹತ್ತಿ

ನೀತಿಯ ಕಮಾನು ತುಂಬಾ ಉದ್ದ, ಆದರೆ ಅದು ಬಾಗುವುದು ನ್ಯಾಯದ ಕಡೆಗೇ ಅನ್ನುವ ಮಾತನ್ನು ನೀವು ಎಲ್ಲೋ ಕೇಳಿರುತ್ತೀರಿ. ಮಾರ್ಟಿನ್ ಲೂಥರ್ ಕಿಂಗ್ ಅದನ್ನು ಮತ್ತೆ ಮತ್ತೆ ಹೇಳಿದರು. ಒಬಾಮಾ ಕಾಲದಲ್ಲಿ ಓವಲ್ ಆಫೀಸಿನ ಜಮಖಾನೆಯ ಅಂಚಿನಲ್ಲೂ ಅದು ಕಿಂಗ್ ಹೆಸರಿನಲ್ಲಿ ಬಂತು. ಅದರ ಬೇರು ಇರುವುದು ಬಾಸ್ಟನ್ನಿನ ಪಾದ್ರಿ ಥಿಯೋಡೋರ್ ಪಾರ್ಕರ್ 1853ರಲ್ಲಿ ಅಚ್ಚು ಹಾಕಿಸಿದ ಹತ್ತು ಪ್ರವಚನಗಳ ಪುಸ್ತಕದಲ್ಲಿ. ಅಲ್ಲಿ ಅದು ಇಷ್ಟು ಚುಟುಕಾಗಿಲ್ಲ. ನನಗೆ ಈ ನೈತಿಕ ಲೋಕ ಪೂರ್ತಿ ಅರ್ಥವಾಗುವುದಿಲ್ಲ, ನನ್ನ ಕಣ್ಣು ಸ್ವಲ್ಪ ದೂರಕ್ಕಷ್ಟೇ ಮುಟ್ಟುತ್ತದೆ, ಕಮಾನಿನ ತಿರುವನ್ನು ನೋಡಿ ಲೆಕ್ಕ ಹಾಕಲಾರೆ, ಆದರೆ ಕಂಡಷ್ಟರಲ್ಲಿ ಅದು ನ್ಯಾಯದ ಕಡೆ ಬಾಗಿದೆ ಅಂತ ಅವರು ತಡವರಿಸುತ್ತಾ ಹೇಳುತ್ತಾರೆ. ನನಗೆ ಈ ತಡವರಿಕೆಯೇ ಜಾಸ್ತಿ ಇಷ್ಟ. ಗಾದೆಯಾಗುವ ಹೊತ್ತಿಗೆ ಅದನ್ನು ಯಾರೋ ಸೋಸಿಬಿಟ್ಟಿದ್ದರು.

ಪಾರ್ಕರ್ ಅವರ ಹಳೆಯ ಪುಸ್ತಿಕೆಗಳನ್ನೂ ಪತ್ರಗಳನ್ನೂ ನಾನು ಕೂಡಿಡುವುದಕ್ಕೆ ಕಾರಣ ಇದೇ. ಒಂದೊಂದು ಪ್ರವಚನಕ್ಕೂ ಎರಡು ಮೂರು ರೂಪ ಇರುತ್ತದೆ. ಎಲ್ಲವನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಆ ಮನುಷ್ಯ ಏನು ಹೇಳಿದರು ಅನ್ನುವುದು ಕಾಣುತ್ತದೆ. ಅಪರೂಪದ ವಸ್ತು ಕೈಗೆ ಸಿಕ್ಕ ಖುಷಿ ಆಮೇಲಿನ ಮಾತು.

ಪಾರ್ಕರ್ ಹುಟ್ಟಿದ್ದು 1810ರಲ್ಲಿ, ಬಾಸ್ಟನ್ ಪಕ್ಕದ ಲೆಕ್ಸಿಂಗ್ಟನ್‌ನಲ್ಲಿ. 1775ರಲ್ಲಿ ಬ್ರಿಟಿಷ್ ಸೈನಿಕರ ಎದುರು ನಿಂತ ಅಲ್ಲಿನ ದಂಡಿನ ಕ್ಯಾಪ್ಟನ್ ಜಾನ್ ಪಾರ್ಕರ್ ಇವರ ಅಜ್ಜ. ಸಾಫ್ಟ್‌ವೇರ್ ಕೆಲಸಕ್ಕೆ ಬಂದು ಈಗ ಆ ಕಡೆ ನೆಲೆಸಿರುವ ಕನ್ನಡದವರು ಕಡಿಮೆಯೇನಿಲ್ಲ, ನಾನೂ ಅವರಲ್ಲಿ ಒಬ್ಬ. ಊರಿನ ನಡುವಿನ ಹಸಿರು ಬಯಲಿಗೆ ನೆಂಟರನ್ನು ಕರೆದುಕೊಂಡು ಹೋಗಿ ಅಜ್ಜನ ಕಥೆ ಹೇಳುತ್ತೇವೆ. ಮೊಮ್ಮಗನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಮೊಮ್ಮಗ ಮಾಡಿದ ಗಲಾಟೆ ಸಣ್ಣದಲ್ಲ. 1841ರ ಮೇ 19ರಂದು ಸೌತ್ ಬಾಸ್ಟನ್ನಿನ ಒಂದು ಚರ್ಚಿನಲ್ಲಿ, ಕ್ರೈಸ್ತ ಧರ್ಮದಲ್ಲಿ ಯಾವುದು ಉಳಿಯುತ್ತದೆ, ಯಾವುದು ಉದುರಿಹೋಗುತ್ತದೆ ಅಂತ ಪ್ರವಚನ ಕೊಟ್ಟರು. ಪವಾಡ, ಶಾಸ್ತ್ರಪ್ರಮಾಣ ಇವೆಲ್ಲ ಉದುರುವ ಪಟ್ಟಿಗೆ ಸೇರಿದವು. ಅಲ್ಲಿದ್ದ ಸಂಪ್ರದಾಯಸ್ಥ ಪಾದ್ರಿಗಳಿಗೆ ಸಿಟ್ಟು ಬಂತು. ತಾವು ಕೇಳಿದ್ದನ್ನು ಬರೆದು ಪತ್ರಿಕೆಗೆ ಕೊಟ್ಟರು. ಪಾರ್ಕರ್ ತಮ್ಮದೇ ಪ್ರತಿಯನ್ನು ಅಚ್ಚು ಹಾಕಿಸಿದ್ದು ಅದಾದ ಮೇಲೆ. ಅಂದರೆ ಅವರ ಅತ್ಯಂತ ಹೆಸರಾದ ಪ್ರವಚನ ಜನರ ಕೈಗೆ ಮೊದಲು ಸಿಕ್ಕಿದ್ದು ವಿರೋಧಿಗಳ ಮೂಲಕ. ಹಾಗಾಗಿ ಎರಡನ್ನೂ ಹುಡುಕಬೇಕಾಗುತ್ತದೆ.

ಪಾರ್ಕರ್ ಸೇರಿದ್ದು ದೇವರು ಒಬ್ಬನೇ, ಮೂವರಲ್ಲ ಅನ್ನುವ ಯೂನಿಟೇರಿಯನ್ ಪಂಥಕ್ಕೆ. ಆ ಪಂಥದ ಪಾದ್ರಿಗಳಲ್ಲಿ ಹೆಚ್ಚಿನವರು ತಮ್ಮ ವೇದಿಕೆಯನ್ನು ಅವರಿಗೆ ಕೊಡುವುದನ್ನು ನಿಲ್ಲಿಸಿದರು. ಆಗ ಅವರ ಸ್ನೇಹಿತರು ಒಂದು ಥಿಯೇಟರನ್ನೇ ಬಾಡಿಗೆಗೆ ಹಿಡಿದರು. 1845ರಿಂದ ಮೆಲೋಡಿಯನ್‌ನಲ್ಲಿ, 1852ರಿಂದ ಆಗಷ್ಟೇ ಕಟ್ಟಿದ್ದ ಬಾಸ್ಟನ್ ಮ್ಯೂಸಿಕ್ ಹಾಲ್‌ನಲ್ಲಿ ಭಾನುವಾರದ ಸಭೆ ನಡೆಯಿತು. ಎರಡು ಸಾವಿರಕ್ಕೂ ಹೆಚ್ಚು ಜನ ಸೇರುತ್ತಿದ್ದರು. ವ್ಯಾಪಾರಿಗಳು, ಬಡತನ, ಯುದ್ಧ, ಹೆಣ್ಣುಮಕ್ಕಳ ಹಕ್ಕು, ಎಲ್ಲದಕ್ಕಿಂತ ಹೆಚ್ಚಾಗಿ ಗುಲಾಮಗಿರಿ ಅವರ ವಿಷಯವಾಗಿತ್ತು. ಜೇಮ್ಸ್ ಯೆರಿಂಟನ್, ರೂಫಸ್ ಲೈಟನ್ ಅನ್ನುವ ಶಾರ್ಟ್‌ಹ್ಯಾಂಡ್ ವರದಿಗಾರರು ಅವರ ಮಾತನ್ನು ಅಲ್ಲೇ ಕೂತು ಬರೆದುಕೊಳ್ಳುತ್ತಿದ್ದರು. ಆ ಬರಹ ಪತ್ರಿಕೆಗೆ ಹೋಗುತ್ತಿತ್ತು. ಆಮೇಲೆ ಪಾರ್ಕರ್ ತಿದ್ದಿ, ಸೇರಿಸಿ, ಅಡಿಟಿಪ್ಪಣಿ ಹಾಕಿ ಪುಸ್ತಿಕೆ ತರುತ್ತಿದ್ದರು.

ಉದಾಹರಣೆಗೆ ಮ್ಯಾಸಚೂಸೆಟ್ಸ್‌ನ ಹೆಸರಾಂತ ರಾಜಕಾರಣಿ ಡೇನಿಯಲ್ ವೆಬ್‌ಸ್ಟರ್ ಸತ್ತಾಗಿನ ಪ್ರವಚನ. ವೆಬ್‌ಸ್ಟರ್ ತೀರಿಕೊಂಡದ್ದು 1852ರ ಅಕ್ಟೋಬರ್ 24ರಂದು. ಪಾರ್ಕರ್ ಮಾತಾಡಿದ್ದು 31ರ ಭಾನುವಾರ. ಪುಸ್ತಿಕೆ ಬಂದದ್ದು 1853ರಲ್ಲಿ. ಅದು ನೂರು ಪುಟ ದಾಟುತ್ತದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅನ್ನುವ ಪದ್ಧತಿಯನ್ನು ಪಕ್ಕಕ್ಕಿಟ್ಟು, ಓಡಿಹೋದ ಗುಲಾಮರನ್ನು ಹಿಡಿದುಕೊಡುವ 1850ರ ಕಾಯ್ದೆಯನ್ನು ಬೆಂಬಲಿಸಿದ ದೊಡ್ಡ ಮನುಷ್ಯನ ಲೆಕ್ಕವನ್ನು ಸಾಲು ಸಾಲಾಗಿ ಚುಕ್ತಾ ಮಾಡಿದ್ದಾರೆ. ಬೈಗುಳದ ನಡುವೆ ನಿಜವಾದ ದುಃಖವೂ ಇದೆ. ಪಾರ್ಕರ್ ಅವರ ಒಂದೇ ಒಂದು ಪುಸ್ತಿಕೆ ಕೊಳ್ಳುತ್ತೀರಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಕೂಡಿಡುವ ಕೆಲಸಕ್ಕೆ ಬರೋಣ. ದುಡ್ಡು ಬಿಚ್ಚುವ ಮೊದಲು ಪಟ್ಟಿ ಬೇಕು. ಪಾರ್ಕರ್ ಕೃತಿಗಳ ಎರಡು ದೊಡ್ಡ ಸಂಗ್ರಹಗಳಿವೆ. ಫ್ರಾನ್ಸಿಸ್ ಪವರ್ ಕಾಬ್ ಅನ್ನುವ ಐರಿಷ್ ಹೆಣ್ಣುಮಗಳು 1863ರಿಂದ ಲಂಡನ್ನಿನಲ್ಲಿ ತಂದ 14 ಸಂಪುಟಗಳು ಒಂದು. ಅಮೆರಿಕನ್ ಯೂನಿಟೇರಿಯನ್ ಸಂಘ ಬಾಸ್ಟನ್ನಿನಲ್ಲಿ 1907ರಿಂದ ತಂದ 15 ಸಂಪುಟಗಳ ಶತಮಾನೋತ್ಸವದ ಆವೃತ್ತಿ ಇನ್ನೊಂದು. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತಾಪತ್ರಯ ಏನೆಂದರೆ ಸಂಪಾದಕರು ತಮಗೆ ತೋಚಿದಂತೆ ಗುಂಪು ಮಾಡಿ ಸಂಪುಟಗಳಿಗೆ ಹೊಸ ಹೆಸರು ಇಟ್ಟಿದ್ದಾರೆ. ಲಂಡನ್ನಿನ ಒಂದು ಸಂಪುಟದಲ್ಲಿರುವ ಪ್ರವಚನ ಬಾಸ್ಟನ್ ಆವೃತ್ತಿಯಲ್ಲಿ ಇನ್ನೆಲ್ಲೋ ಕೂತಿರುತ್ತದೆ.

ಅದಕ್ಕೇ ನನ್ನ ಪಟ್ಟಿ ಶೀರ್ಷಿಕೆಯ ಮೇಲೆ ನಿಂತಿಲ್ಲ, ಪ್ರವಚನ ಕೊಟ್ಟ ದಿನದ ಮೇಲೆ ನಿಂತಿದೆ. ಪ್ರತಿ ಫೈಲಿನ ಹೆಸರು ವರ್ಷ, ತಿಂಗಳು, ತಾರೀಕಿನಿಂದ ಶುರುವಾಗುತ್ತದೆ. ಆಮೇಲೆ ಅದು ಪತ್ರಿಕೆಯದೋ ಪುಸ್ತಿಕೆಯದೋ ಸಂಪುಟದ್ದೋ ಅನ್ನುವ ಗುರುತು. ಪುಸ್ತಿಕೆಯ ಮುಖಪುಟದಲ್ಲಿ ಪಾರ್ಕರ್ ಸಾಮಾನ್ಯವಾಗಿ ದಿನ, ಜಾಗ ಎರಡನ್ನೂ ಹಾಕಿಸುತ್ತಿದ್ದುದರಿಂದ ಈ ಪದ್ಧತಿ ಕೈಕೊಟ್ಟಿದ್ದು ಕಡಿಮೆ. ಪುಸ್ತಿಕೆಯ ಹಿಂಬದಿ ರಟ್ಟನ್ನೂ ಓದಬೇಕು. ಅದೇ ಪ್ರಕಾಶಕರಲ್ಲಿ ಸಿಗುವ ಇತರ ಪ್ರವಚನಗಳ ಜಾಹೀರಾತು, ಬೆಲೆ ಸಮೇತ, ಅಲ್ಲಿರುತ್ತದೆ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ನಾನು ನೋಡಿರದ ಹೆಸರುಗಳು ಅಲ್ಲಿ ಸಿಕ್ಕಿವೆ.

ಪತ್ರಿಕೆಗಳಿಗೆ ಮೊದಲು ಗುಲಾಮಗಿರಿ ವಿರೋಧಿ ಹೋರಾಟಗಾರ ಗ್ಯಾರಿಸನ್ ಅವರ ಲಿಬರೇಟರ್ ನೋಡಿ. 1831ರಿಂದ 1865ರವರೆಗೆ ನಡೆದ ವಾರಪತ್ರಿಕೆ ಅದು, ಸ್ಕ್ಯಾನ್ ಆಗಿದೆ. ಅದರ ಹುಡುಕುವ ಪೆಟ್ಟಿಗೆಯನ್ನು ನಂಬಿ ಕೂರಬೇಡಿ. ಸಣ್ಣ ಅಕ್ಷರ, ಹರಡಿದ ಮಸಿ, ಇವುಗಳನ್ನು ಕಂಪ್ಯೂಟರ್ ತಪ್ಪು ತಪ್ಪಾಗಿ ಓದುತ್ತದೆ. ಪ್ರವಚನದ ದಿನ ಗೊತ್ತಿದ್ದರೆ ಮುಂದಿನ ನಾಲ್ಕಾರು ಶುಕ್ರವಾರದ ಸಂಚಿಕೆಗಳನ್ನು ಸುಮ್ನೆ ಕಣ್ಣಲ್ಲೇ ಓಡಿಸುವುದು ವಾಸಿ.

ಕಾಗದದ ಪ್ರತಿ ಬೇಕೆನ್ನುವವರಿಗೆ ಒಂದು ಸಮಾಧಾನದ ಸುದ್ದಿ. 1840, 50ರ ದಶಕದ ಪುಸ್ತಿಕೆಗಳು ಆಮೇಲಿನ ಪುಸ್ತಕಗಳಿಗಿಂತ ಗಟ್ಟಿ. ಆಗಿನ ಕಾಗದ ಚಿಂದಿ ಬಟ್ಟೆಯಿಂದ ಮಾಡಿದ್ದು. ಮಡಚಿದರೂ ಮುರಿಯುವುದಿಲ್ಲ. ಮರದ ತಿರುಳಿನ ಕಾಗದ ಬಳಕೆಗೆ ಬಂದ ಮೇಲೆ, 1880, 90ರ ಹೊತ್ತಿನ ಮರುಮುದ್ರಣಗಳನ್ನು ತೆರೆದರೆ ಅಂಚು ಹಪ್ಪಳದ ಹಾಗೆ ಉದುರುತ್ತದೆ. ಮಾರಾಟಕ್ಕೆ ಬರುವ ಹಳೆಯ ಪುಸ್ತಿಕೆಗಳಲ್ಲಿ ಹೆಚ್ಚಿನವು ಯಾವುದೋ ದಪ್ಪ ಬೈಂಡಿನಿಂದ ಕಿತ್ತವು. ಬೆನ್ನಿನ ಮೇಲೆ ಹಳೆಯ ಗೋಂದಿನ ಗೆರೆ, ಹೊಲಿಗೆಯ ತೂತು ಇರುತ್ತವೆ. ಹೊರ ರಟ್ಟು ಹೋಗಿರುತ್ತದೆ. ನನಗೆ ಓದುವ ಪಠ್ಯ ಮುಖ್ಯ, ಹಾಗಾಗಿ ಇಂಥವನ್ನೇ ಕೊಳ್ಳುತ್ತೇನೆ, ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಪುಟಗಳನ್ನು ಒಂದೊಂದಾಗಿ ಎಣಿಸಿ. ಕೊನೆಯ ಹಾಳೆ ಇಲ್ಲದ ಪ್ರತಿಯನ್ನು ಪೂರ್ತಿ ಇದೆ ಅಂತ ಮಾರಿದ ಅಂಗಡಿಯವರೊಬ್ಬರ ಜೊತೆ ನಾನು ಸಾಕಷ್ಟು ಜಗಳ ಆಡಿದ್ದೇನೆ. ಹರಿದಿದ್ದರೆ ಸೆಲ್ಲೋಟೇಪ್ ಹಚ್ಚಲೇಬೇಡಿ. ಆಮ್ಲ ಇಲ್ಲದ ಕಾಗದದ ಫೋಲ್ಡರಿನಲ್ಲಿಟ್ಟು ಕತ್ತಲಲ್ಲಿಟ್ಟರೆ ಸಾಕು.

ಬೆಲೆ ಏರಿರುವುದು ಲಿಂಕನ್ ಹೆಸರು ತಗುಲಿಕೊಂಡ ಪುಸ್ತಿಕೆಗೆ. 1858ರ ಜುಲೈ 4ರಂದು ಮ್ಯೂಸಿಕ್ ಹಾಲ್‌ನಲ್ಲಿ ಗುಲಾಮಗಿರಿಯ ಬಗ್ಗೆ ಆಡಿದ ಮಾತು ಅದು. ಪ್ರಜಾಪ್ರಭುತ್ವ ಎಂದರೆ ಎಲ್ಲರ ಮೇಲೆ, ಎಲ್ಲರಿಗಾಗಿ, ಎಲ್ಲರಿಂದ ನಡೆಯುವ ಆಡಳಿತ ಅನ್ನುವ ಅರ್ಥದ ಸಾಲು ಅದರಲ್ಲಿದೆ, ಲಿಂಕನ್ ಆಮೇಲೆ ಗೆಟಿಸ್‌ಬರ್ಗ್‌ನಲ್ಲಿ ಆಡಿದ ಹೆಸರಾದ ಮಾತಿಗೆ ತೀರಾ ಹತ್ತಿರದ್ದು. ಲಿಂಕನ್ ಅವರ ವಕೀಲಿ ಪಾಲುದಾರ ವಿಲಿಯಂ ಹರ್ನ್‌ಡನ್ ಮತ್ತು ಪಾರ್ಕರ್ ನಡುವೆ ಪತ್ರವ್ಯವಹಾರ ಇತ್ತು. ತಾನು ಕೊಟ್ಟ ಪ್ರತಿಯಲ್ಲಿ ಲಿಂಕನ್ ಆ ಸಾಲಿಗೆ ಪೆನ್ಸಿಲ್ ಗುರುತು ಹಾಕಿದ್ದರು ಅಂತ ಹರ್ನ್‌ಡನ್ ಆಮೇಲೆ ಹೇಳಿಕೊಂಡಿದ್ದಾರೆ. ವ್ಯಾಪಾರಿಗಳಿಗೆ ಅಷ್ಟು ಸಾಕಲ್ವಾ.

ಪತ್ರಗಳ ಕಥೆ ಬೇರೆ. ಪಾರ್ಕರ್ ಸತ್ತ ಮೇಲೆ ಜಾನ್ ವೈಸ್ ಎರಡು ಸಂಪುಟಗಳಲ್ಲಿ ಅವರ ಬದುಕನ್ನೂ ಪತ್ರಗಳನ್ನೂ ತಂದರು. ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ. ಆದರೆ ವೈಸ್ ಪುಸ್ತಕ ಬಂದಾಗ ಪತ್ರದಲ್ಲಿ ಬರುವ ಬಹಳ ಜನ ಬದುಕಿದ್ದರು. ಹಾಗಾಗಿ ಹೆಸರಿನ ಜಾಗದಲ್ಲಿ ಎಷ್ಟೋ ಕಡೆ ಬರೀ ಗೀಟು ಎಳೆದಿದ್ದಾರೆ, ಪತ್ರಗಳನ್ನು ಕತ್ತರಿಸಿದ್ದಾರೆ. ಆ ಗೀಟುಗಳನ್ನು ತುಂಬಿಸುವುದು ನನ್ನ ಮುಖ್ಯ ಹವ್ಯಾಸ. ಅದಕ್ಕೆ ಕೈಬರಹದ ಮೂಲ ಬೇಕು. ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ, ಹಾರ್ವರ್ಡ್‌ನ ದೈವಶಾಸ್ತ್ರ ಗ್ರಂಥಾಲಯ, ಬಾಸ್ಟನ್ ಪಬ್ಲಿಕ್ ಲೈಬ್ರರಿ ಈ ಮೂರರಲ್ಲಿ ಜಾಸ್ತಿ ಇವೆ. ಪಾರ್ಕರ್ ತಮ್ಮ ಸಾವಿರಾರು ಪುಸ್ತಕಗಳ ಸ್ವಂತ ಸಂಗ್ರಹವನ್ನೂ ಪಬ್ಲಿಕ್ ಲೈಬ್ರರಿಗೇ ಬರೆದಿಟ್ಟರು. ಆ ಲೈಬ್ರರಿಯ ಗುಲಾಮಗಿರಿ ವಿರೋಧಿ ಪತ್ರಗಳ ಸಂಗ್ರಹ ಸ್ಕ್ಯಾನ್ ಆಗಿರುವುದರಿಂದ ಧಾರವಾಡದಲ್ಲಿ ಕೂತೂ ಓದಬಹುದು.

ಓದಬಹುದು ಅಂದೆ, ಓದಲು ಬಂದರೆ! ಪಾರ್ಕರ್ ಕೈಬರಹ ಅಂದರೆ ಕೋಳಿ ಕೆದರಿದ್ದು. ನಾನು ಕಲಿತದ್ದು ಹೀಗೆ. ವೈಸ್ ಪುಸ್ತಕದಲ್ಲಿ ಅಚ್ಚಾಗಿರುವ ಪತ್ರವೊಂದರ ಮೂಲವನ್ನು ಹುಡುಕಿ, ಎರಡನ್ನೂ ಎದುರಿಗಿಟ್ಟು, ಪದದಿಂದ ಪದಕ್ಕೆ ಬೆರಳಿಟ್ಟು ಓದಿದೆ. ಅವರು ಪದದ ಕೊನೆಯನ್ನು ಒಂದು ಗೆರೆಯಲ್ಲಿ ಎಳೆದುಬಿಡುತ್ತಾರೆ. ಹಾಗೆ ಕೆಲವು ಪತ್ರ ಆದ ಮೇಲೆ ಅಚ್ಚಾಗದ ಪತ್ರಕ್ಕೆ ಕೈ ಹಾಕಿದೆ. ಓದಲಾಗದ ಪದಕ್ಕೆ ಚೌಕ ಕಂಸ ಹಾಕಿ ಬಿಡುತ್ತೇನೆ. ಊಹೆಯನ್ನು ಪಠ್ಯದೊಳಗೆ ತುರುಕುವುದಿಲ್ಲ.

ತಾರೀಕಿಲ್ಲದ ಕಾಗದವಾದರೆ ಅಂಚೆ ಗುರುತು ನೆರವಾಗುತ್ತದೆ. 1845ಕ್ಕೆ ಮುಂಚೆ ಅಮೆರಿಕದ ಅಂಚೆ ಹಾಳೆ ಲೆಕ್ಕದಲ್ಲಿ ದುಡ್ಡು ಕೇಳುತ್ತಿತ್ತು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ. ಅದಕ್ಕೇ ಹಾಳೆಯನ್ನೇ ಮಡಚಿ, ಅರಗು ಹಾಕಿ, ಹೊರಗೆ ವಿಳಾಸ ಬರೆಯುತ್ತಿದ್ದರು. 1845ರಿಂದ ದರ ತೂಕದ ಮೇಲೆ ಬಂತು, ಲಕೋಟೆ ನಿಧಾನಕ್ಕೆ ಬಳಕೆಗೆ ಬಂತು. ಇನ್ನೊಂದು ಹೊಟ್ಟೆ ಉರಿಸುವ ಸಂಗತಿ ಇದೆ. ಆ ಕಾಲದಲ್ಲಿ ಹೆಸರಾಂತರ ಸಹಿ ಕೂಡಿಡುವ ಹುಚ್ಚು ಇತ್ತು. ಪತ್ರದ ಕೆಳಗಿನ ಸಹಿಯನ್ನಷ್ಟೇ ಕತ್ತರಿಸಿ ಆಲ್ಬಮ್ಮಿಗೆ ಅಂಟಿಸಿ, ಉಳಿದದ್ದನ್ನು ಎಸೆದಿರುತ್ತಾರೆ. ಅಂಥ ಚೂರುಗಳು ಈಗಲೂ ಮಾರಾಟಕ್ಕೆ ಬರುತ್ತವೆ. ನಾನು ಕೊಳ್ಳುವುದಿಲ್ಲ. ಆದರೆ ಚೂರಿನ ಹಿಂಬದಿಯ ಫೋಟೋ ಕೇಳಿ ತರಿಸಿಕೊಳ್ಳುತ್ತೇನೆ. ಹಿಂದಿನ ಪುಟದ ಒಂದೂವರೆ ಸಾಲು ಅಲ್ಲಿರುತ್ತದೆ.

ಒಂದು ಪತ್ರವನ್ನು ಹತ್ತಿರದಿಂದ ನೋಡೋಣ. 1850ರ ನವೆಂಬರ್ 21, ಅಧ್ಯಕ್ಷ ಮಿಲ್ಲರ್ಡ್ ಫಿಲ್‌ಮೋರ್ ಅವರಿಗೆ ಬರೆದದ್ದು. ಜಾರ್ಜಿಯಾದಿಂದ ತಪ್ಪಿಸಿಕೊಂಡು ಬಂದ ವಿಲಿಯಂ ಮತ್ತು ಎಲೆನ್ ಕ್ರಾಫ್ಟ್ ದಂಪತಿ ಪಾರ್ಕರ್ ಸಭೆಯವರು. ಅವರನ್ನು ಹಿಡಿಯಲು ಬಾಸ್ಟನ್ನಿಗೆ ಜನ ಬಂದಿದ್ದರು. ಪಾರ್ಕರ್ ಎಲೆನ್‌ಳನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡರು, ಆ ತಿಂಗಳೇ ಇಬ್ಬರಿಗೂ ಕಾನೂನುಬದ್ಧ ಮದುವೆ ಮಾಡಿಸಿದರು, ಇಂಗ್ಲೆಂಡಿಗೆ ಕಳಿಸಿದರು. ಆಮೇಲೆ ಅಧ್ಯಕ್ಷರಿಗೇ ಬರೆದರು: ಈ ಕಾಗದ ಬರೆಯುತ್ತಿರುವ ಕೋಣೆಯಲ್ಲಿ ನನ್ನ ಅಜ್ಜ ಲೆಕ್ಸಿಂಗ್ಟನ್‌ನಲ್ಲಿ ಹಿಡಿದಿದ್ದ ಕೋವಿಯೂ, ಅವರು ಬ್ರಿಟಿಷ್ ಸೈನಿಕನಿಂದ ಕಸಿದ ಕೋವಿಯೂ ತೂಗುತ್ತಿವೆ, ನನ್ನ ಸಭೆಯವರನ್ನು ಉಳಿಸಲು ಆಸ್ತಿ, ಪ್ರಾಣ ಪಣಕ್ಕಿಡದಿದ್ದರೆ ಇವನ್ನು ಎಸೆಯಬೇಕಾಗುತ್ತದೆ ಅನ್ನುವ ಧಾಟಿಯಲ್ಲಿ. ಆ ಎರಡು ಕೋವಿಗಳು ಈಗ ಬಾಸ್ಟನ್ನಿನ ಸ್ಟೇಟ್ ಹೌಸಿನಲ್ಲಿವೆ. ಪತ್ರ ಓದಿದ ಮೇಲೆ ಹೋಗಿ ನೋಡಿ.

ಕೆಲವು ಪತ್ರಗಳು ಪುಸ್ತಿಕೆಯಾಗಿಯೇ ಬಂದಿವೆ, ಇವು ನನಗೆ ಎಲ್ಲಕ್ಕಿಂತ ಪ್ರಿಯ. 1859ರ ಜನವರಿ 9ರ ಭಾನುವಾರ ನಸುಕಿನಲ್ಲಿ ಪಾರ್ಕರ್ ಅವರಿಗೆ ಶ್ವಾಸಕೋಶದಿಂದ ರಕ್ತ ಬಂತು. ಈ ಹೊತ್ತು ಮಾತಾಡಲಾರೆ ಅಂತ ಸಭೆಗೆ ಚೀಟಿ ಕಳಿಸಿದರು. ಮತ್ತೆ ಆ ವೇದಿಕೆ ಹತ್ತಲಿಲ್ಲ. ಹವೆ ಬದಲಾಯಿಸಲು ಕೆರಿಬಿಯನ್ ದ್ವೀಪಕ್ಕೆ ಹೋಗಿ, ಅಲ್ಲಿಂದ ತಮ್ಮ ಪಾದ್ರಿತನದ ಅನುಭವವನ್ನು ಉದ್ದದ ಕಾಗದವಾಗಿ ಬರೆದರು. ಅದು ಅದೇ ವರ್ಷ ಪುಸ್ತಕವಾಯಿತು. ನವೆಂಬರ್ 24ರಂದು ರೋಮ್‌ನಿಂದ ಬಾಸ್ಟನ್ನಿನ ಗೆಳೆಯ ಫ್ರಾನ್ಸಿಸ್ ಜಾಕ್ಸನ್‌ಗೆ ಬರೆದ ಕಾಗದ, ಗುಲಾಮಗಿರಿ ಕೊನೆಗಾಣಿಸಲು ಆಯುಧ ಹಿಡಿದ ಜಾನ್ ಬ್ರೌನ್ ಬಗ್ಗೆ. ಬ್ರೌನ್‌ಗೆ ಗುಟ್ಟಾಗಿ ದುಡ್ಡು ಕೊಟ್ಟ ಆರು ಜನರಲ್ಲಿ ಪಾರ್ಕರ್ ಒಬ್ಬರು. ಗುಲಾಮನಿಗೆ ತನ್ನನ್ನು ಬಂಧನದಲ್ಲಿಟ್ಟವನನ್ನು ಕೊಲ್ಲುವ ಸಹಜ ಹಕ್ಕಿದೆ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ. 1860ರಲ್ಲಿ ಅದು ಪುಸ್ತಿಕೆಯಾಯಿತು. ಆ ವರ್ಷದ ಮೇ 10ರಂದು ಫ್ಲಾರೆನ್ಸ್‌ನಲ್ಲಿ ಪಾರ್ಕರ್ ತೀರಿಕೊಂಡರು.

ಪತ್ರಗಳನ್ನು ಓದುತ್ತಾ ಹೋದರೆ ಬೇಸರ ತರುವ ಪಾರ್ಕರ್ ಕೂಡ ಸಿಗುತ್ತಾರೆ. ಆಂಗ್ಲೋ ಸ್ಯಾಕ್ಸನ್ ಜನಾಂಗವೇ ಮೇಲು ಅಂತ ನಂಬಿದ್ದರು. ಯಾರಿಗಾಗಿ ಜೈಲಿಗೆ ಹೋಗಲೂ ತಯಾರಿದ್ದರೋ ಅದೇ ಕಪ್ಪು ಜನರ ಬಗ್ಗೆ, ಐರಿಷರ ಬಗ್ಗೆ ಕೀಳಾದ ಮಾತು ಬರೆದಿದ್ದಾರೆ. ಅಂಥ ಪತ್ರವನ್ನೂ ನಾನು ಹಾಗೇ ಪಟ್ಟಿಗೆ ಸೇರಿಸುತ್ತೇನೆ. ವೈಸ್ ಕತ್ತರಿಯನ್ನು ದೂರಿ, ನಾನೂ ಕತ್ತರಿ ಹಿಡಿದರೆ ಹೇಗೆ?

ಭಾರತದ ನಂಟೂ ಇದೆ. ಬ್ರಾಹ್ಮ ಸಮಾಜದವರು ಪಾರ್ಕರ್‌ರನ್ನು ಬಹಳ ಓದಿದರು. 1855ರಲ್ಲಿ ಕಲ್ಕತ್ತೆಗೆ ಬಂದ ಅಮೆರಿಕದ ಯೂನಿಟೇರಿಯನ್ ಪಾದ್ರಿ ಚಾರ್ಲ್ಸ್ ಡಾಲ್ ಅವರಿಂದಲೂ ಆ ಬಗೆಯ ಪುಸ್ತಕಗಳು ಹರಡಿದವು. ಮಂಗಳೂರಿನಲ್ಲಿ ಬ್ರಾಹ್ಮ ಸಮಾಜ ಶುರುವಾದದ್ದು 1870ರಲ್ಲಿ, ಲಂಡನ್ ಸಂಪುಟಗಳು ಇನ್ನೂ ಹೊರಬರುತ್ತಿದ್ದ ಹೊತ್ತಿಗೆ. ದಲಿತ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು ಆ ಸಮಾಜದವರು. ಕರಾವಳಿಯ ಹಳೆಯ ಮನೆಯ ಅಟ್ಟದಲ್ಲೋ, ಮುಚ್ಚಿಹೋದ ವಾಚನಾಲಯದ ಬೀರುವಿನಲ್ಲೋ ಕಾಬ್ ಸಂಪಾದಿಸಿದ ಸಂಪುಟ ಕಂಡರೆ ತೂಕಕ್ಕೆ ಹಾಕಬೇಡಿ. ಮೊದಲ ಬಿಳಿ ಹಾಳೆಯಲ್ಲಿ ಯಾರ ಹೆಸರಿದೆ, ಅಂಚಿನಲ್ಲಿ ಏನಾದರೂ ಗೀಚಿದ್ದಾರಾ ನೋಡಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಪಠ್ಯ ನನ್ನ ಹತ್ತಿರ ಇದೆ, ಬೇಕಿರುವುದು ಆ ಗೀಚು.