ಅಗ್ಗದ ಚೀನೀ ಇಂಕ್ ಪೆನ್ನನ್ನು ದಿನಬಳಕೆಗೆ ಒಗ್ಗಿಸಿಕೊಳ್ಳುವ ಬಗೆ

ಶಾಂಘೈಯಲ್ಲಿ 1931ರಲ್ಲಿ ಆರಂಭವಾದ ಕಾರ್ಖಾನೆಯ ಪರಂಪರೆಗೆ ಸೇರಿದ ಹೀರೋ 616 ಪೆನ್ನು, ಅಮೆರಿಕದ ಹೆಸರಾಂತ ಪೆನ್ನಾದ ಪಾರ್ಕರ್ 51ರ ರೂಪವನ್ನೇ ಹೋಲುತ್ತದೆ. ನಿಬ್ಬಿನ ಬಹುಭಾಗ ಮುಚ್ಚಿಕೊಂಡಿರುವುದರಿಂದ, ಬರೆಯುತ್ತ ನಡುವೆ ಯೋಚಿಸಲು ನಿಂತರೂ ಶಾಯಿ ಬೇಗನೆ ಒಣಗುವುದಿಲ್ಲ.

ಹೊಸ ಪೆನ್ನಿನಲ್ಲಿ ಯಂತ್ರದ ಎಣ್ಣೆಯ ಅಂಶ ಉಳಿದಿರಬಹುದಾದ್ದರಿಂದ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ತಣ್ಣೀರನ್ನು ಕೆಲವು ಬಾರಿ ಎಳೆದು ಹೊರಹಾಕಿ, ಬಳಿಕ ಬರಿಯ ನೀರಿನಿಂದ ತೊಳೆಯಬೇಕು. ಬಿಸಿನೀರು ಖಂಡಿತ ಬೇಡ. ಶಾಯಿ ತುಂಬಲು ನಿಬ್ಬನ್ನು ಪೂರ್ತಿ ಮುಳುಗಿಸಿ, ಪೆನ್ನಿನೊಳಗೆ ಶಾಯಿಯ ಚೀಲದ ಮೇಲಿರುವ ಲೋಹದ ಪಟ್ಟಿಯನ್ನು ನಾಲ್ಕೈದು ಸಲ ಒತ್ತಿ ಬಿಡಬೇಕು, ಪ್ರತಿ ಸಲವೂ ಕೆಲವು ಕ್ಷಣ ಕಾಯಬೇಕು. ಒಂದೇ ಸಲ ಒತ್ತಿ, ಪೆನ್ನಿಗೆ ಶಾಯಿ ಹಿಡಿಯುವುದಿಲ್ಲವೆಂದು ದೂರುವವರೇ ಹೆಚ್ಚು.

ಅಗ್ಗದ ಪೆನ್ನುಗಳ ಗುಣಮಟ್ಟ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಬರವಣಿಗೆ ಗೀಚಿದಂತಾದರೆ, ನಿಬ್ಬಿನ ಸೀಳಿನ ಎರಡು ಬದಿಯ ಕವಲುಗಳು ಸಮಮಟ್ಟದಲ್ಲಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ, ಮೇಲೆದ್ದ ಕವಲನ್ನು ಉಗುರಿನಿಂದ ಅತಿ ಹಗುರವಾಗಿ ಕೆಳಕ್ಕೆ ಒತ್ತಬೇಕು. ಉಜ್ಜುಕಾಗದಕ್ಕೆ ಕೈಹಾಕುವುದು ಕೊನೆಯ ಉಪಾಯ, ನನ್ನ ಮಟ್ಟಿಗೆ ಅದು ಉಪಾಯವೇ ಅಲ್ಲ. ಅರಗು ಬೆರೆತ ಚಿತ್ರಕಲೆಯ ಶಾಯಿ ಒಣಗಿ ಕೊಳವೆಯನ್ನು ಕಟ್ಟಿಬಿಡುವುದರಿಂದ, ಇಂಕ್ ಪೆನ್ನಿಗೆಂದೇ ತಯಾರಾದ ಶಾಯಿಯನ್ನಷ್ಟೇ ತುಂಬಬೇಕು.