ಮಳೆಗಾಲದ ಮಡಿಕೇರಿ ಮತ್ತು ಒಂದು ಸಿಲಿಂಡರ್ ನೈಟ್ರಿಕ್ ಆಕ್ಸೈಡ್

ಇಂಡೆಂಟಿನಲ್ಲಿ, ಅಂದರೆ ಸ್ಟೋರಿಗೆ ಕೊಡುವ ಬೇಡಿಕೆ ಚೀಟಿಯಲ್ಲಿ, ನಾನು ಬರೆದದ್ದು ನೈಟ್ರಿಕ್ ಆಕ್ಸೈಡ್: ಶ್ವಾಸಕೋಶದ ರಕ್ತನಾಳ ಹಿಗ್ಗಿಸಲು ಉಸಿರಿನಲ್ಲಿ ಕೊಡುವ ಗ್ಯಾಸ್. ಸ್ಟೋರಿನಿಂದ ಮೈಸೂರಿಗೆ ಫೋನಿನಲ್ಲಿ ಹೋದದ್ದು ನೈಟ್ರಸ್ ಆಕ್ಸೈಡ್. ಎರಡನೆಯದು ಅರಿವಳಿಕೆಗೆ ಬಳಸುವ ನಗೆ ಅನಿಲ, ಅದು ನಮ್ಮ ಆಪರೇಷನ್ ಥಿಯೇಟರಿನಲ್ಲೇ ಇತ್ತು. ನನ್ನ ಕೈಬರಹ ಮೊದಲಿಂದಲೂ ಅಷ್ಟೆ. ಆ ಕಡೆಯವರು ಅನುಮಾನ ಬಂದು ತಿರುಗಿ ಫೋನ್ ಮಾಡಿದ್ದರಿಂದ ಬಚಾವಾದೆವು. ಈಗ ಅದನ್ನು ‘ಎನ್‌ಓ’ ಅಂತ ದಪ್ಪಕ್ಷರದಲ್ಲಿ ಬರೆದು, ಫೋನನ್ನೂ ನಾನೇ ಮಾಡುತ್ತೇನೆ.

ಜುಲೈ ತಿಂಗಳು. ಕಾಫಿ ಎಸ್ಟೇಟಿನ ಲೈನ್ ಮನೆಯಿಂದ ಬಂದಿದ್ದ, ನಲವತ್ತರ ಆಸುಪಾಸಿನ ಗಂಡಸು. ಎಚ್‌1ಎನ್‌1, ಜನ ಹಂದಿಜ್ವರ ಅನ್ನುವುದು. ಐದು ದಿನ ಜ್ವರ ಅಂತ ಮಾತ್ರೆ ನುಂಗಿಕೊಂಡು ಕೆಲಸಕ್ಕೂ ಹೋಗಿದ್ದ. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶ ಬೆಳ್ಳಗೆ. ವೆಂಟಿಲೇಟರಿನಲ್ಲಿ ನೂರಕ್ಕೆ ನೂರು ಆಕ್ಸಿಜನ್, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶ ಮುಚ್ಚದಂತೆ ಉಳಿಸುವ ಒತ್ತಡ) 14, ಉಸಿರಿನ ಗಾತ್ರ ಕೆಜಿಗೆ 6 ಮಿಲಿ. ಇಷ್ಟಾದರೂ ರಕ್ತದಲ್ಲಿ ಆಕ್ಸಿಜನ್ ಒತ್ತಡ 54 ಮಿಲಿಮೀಟರ್ ಪಾದರಸ, ತೀರಾ ಕಮ್ಮಿ. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಮೇಲಿದೆ. ಇಲ್ಲಿ ನೂರು ಪರ್ಸೆಂಟ್ ಆಕ್ಸಿಜನ್ ಕೊಟ್ಟರೂ ಅದರ ಒತ್ತಡ ಕರಾವಳಿಯಲ್ಲಿ ಇರುವಷ್ಟು ಇರುವುದಿಲ್ಲ. ಮಂಗಳೂರಿನಲ್ಲಿ ಓದಿ ಬಂದವನಿಗೆ ಈ ವ್ಯತ್ಯಾಸ ಮೈಗೆ ಹತ್ತಲು ಒಂದು ವರ್ಷ ಬೇಕಾಯಿತು.

ಮೊದಲು ಮಾಡಿದ್ದು ಬೋರಲು ಮಲಗಿಸಿದ್ದು. ಇದನ್ನು ಬಿಟ್ಟು ನೇರವಾಗಿ ಗ್ಯಾಸಿಗೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು. 2013ರಲ್ಲಿ ಬಂದ ಫ್ರಾನ್ಸಿನ ಅಧ್ಯಯನದಲ್ಲಿ, ದಿನಕ್ಕೆ 16 ಗಂಟೆ ಬೋರಲು ಮಲಗಿಸಿದವರಲ್ಲಿ 28 ದಿನದೊಳಗೆ ಸತ್ತವರು ನೂರಕ್ಕೆ 16, ಅಂಗಾತ ಮಲಗಿಸಿದವರಲ್ಲಿ ಹತ್ತಿರಹತ್ತಿರ 33. ನೈಟ್ರಿಕ್ ಆಕ್ಸೈಡಿಗೆ ಹಾಗೆ ಜೀವ ಉಳಿಸಿದ ಲೆಕ್ಕ ಇಲ್ಲ. ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ್ದು ಇಷ್ಟೇ: ಒಂದೆರಡು ದಿನ ಆಕ್ಸಿಜನ್ ಏರುತ್ತದೆ, ಸಾವು ಕಮ್ಮಿಯಾಗುವುದಿಲ್ಲ, ಕಿಡ್ನಿಗೆ ತೊಂದರೆಯಾಗುವ ಸಾಧ್ಯತೆ ಹೆಚ್ಚುತ್ತದೆ. ಹಾಗಾದರೆ ತರಿಸಿದ್ದು ಯಾಕೆ? ಬೋರಲು ಮಲಗಿಸಿದ ಮೇಲೂ 61 ದಾಟಲಿಲ್ಲ. ಎಕ್ಮೋ, ಅಂದರೆ ರಕ್ತವನ್ನು ಮೈಯಿಂದ ಹೊರಗೆ ತಂದು ಆಕ್ಸಿಜನ್ ತುಂಬಿಸುವ ಯಂತ್ರ, ಇರುವ ಕಡೆಗೆ ಘಟ್ಟ ಇಳಿಸಬೇಕು. ಆ ಮಳೆಯಲ್ಲಿ, ಆ ಸ್ಯಾಚುರೇಶನ್ನಿನಲ್ಲಿ (ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಕ್ಸಿಜನ್ ಹಿಡಿದಿದೆ ಎಂಬ ಲೆಕ್ಕ) ಆಂಬುಲೆನ್ಸ್ ಹತ್ತಿಸಿದರೆ ಕುಶಾಲನಗರ ಮುಟ್ಟುವ ಧೈರ್ಯ ನನಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೆರಡು ದಿನವೇ.

ಅವನ ಅಣ್ಣ ಕೇಳಿದ, “ಸಾರ್, ಈ ಗ್ಯಾಸ್ ಕೊಟ್ರೆ ಉಳೀತಾನಾ?”

“ಗ್ಯಾಸ್ ಉಳಿಸಲ್ಲಪ್ಪ. ಶ್ವಾಸಕೋಶ ತಾನಾಗೇ ಸುಧಾರಿಸ್ಕೊಳ್ಳೋಕೆ ಟೈಮ್ ಕೊಡುತ್ತೆ. ಬಾಡಿಗೆ ಜಾಸ್ತಿ, ಅದನ್ನ ಈಗಲೇ ಹೇಳ್ತೀನಿ.”

ಅವನಿಗೆ ಗದ್ದೆಯ ಲೆಕ್ಕದಲ್ಲಿ ಹೇಳಿದೆ. ಕಾಯಿಲೆ ಬಿದ್ದ ಶ್ವಾಸಕೋಶದಲ್ಲಿ ಕೆಲವು ಗಾಳಿಚೀಲ ಮಾತ್ರ ತೆರೆದಿರುತ್ತವೆ, ಉಳಿದವು ನೀರು ತುಂಬಿ ಮುಚ್ಚಿರುತ್ತವೆ. ರಕ್ತ ಮಾತ್ರ ಮುಚ್ಚಿದ ಕಡೆಗೂ ಹರಿದು ಆಕ್ಸಿಜನ್ ಇಲ್ಲದೆ ವಾಪಸ್ ಬರುತ್ತದೆ. ರಕ್ತನಾಳ ಹಿಗ್ಗಿಸುವ ಔಷಧಿಯನ್ನು ನರಕ್ಕೆ ಕೊಟ್ಟರೆ ಎಲ್ಲ ಕಡೆಯ ನಾಳವೂ ಹಿಗ್ಗಿ ಇನ್ನಷ್ಟು ರಕ್ತ ವ್ಯರ್ಥ. ಉಸಿರಿನಲ್ಲಿ ಕೊಟ್ಟ ಗ್ಯಾಸ್ ಗಾಳಿ ಹೋದ ಕಡೆಗಷ್ಟೇ ಹೋಗುತ್ತದೆ, ಅಲ್ಲಿನ ನಾಳವನ್ನಷ್ಟೇ ಹಿಗ್ಗಿಸುತ್ತದೆ. ಬದು ಕಡಿದು ಪೈರು ಇರುವ ಮಡಿಗೆ ನೀರು ತಿರುಗಿಸಿದ ಹಾಗೆ. ರಕ್ತಕ್ಕೆ ಇಳಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಹಿಡಿದು ನಿಷ್ಕ್ರಿಯ ಮಾಡುವುದರಿಂದ ಮೈಯ ಬಿಪಿ ಇಳಿಯುವುದಿಲ್ಲ.

ಸುಂಟಿಕೊಪ್ಪದ ಹತ್ತಿರ ಮರ ಬಿದ್ದು ಗಾಡಿ ಬರುವಾಗ ರಾತ್ರಿ ಒಂಬತ್ತು. ಸಿಲಿಂಡರಿನಲ್ಲಿ ಇರುವುದು 800 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ 800 ಪಾಲು. 20 ಪಿಪಿಎಂ ಕೊಡಬೇಕಾದರೆ ನಲವತ್ತಕ್ಕೆ ಒಂದು ಪಾಲು ಬೆರೆಸಬೇಕು, ಅಷ್ಟರ ಮಟ್ಟಿಗೆ ಆಕ್ಸಿಜನ್ ತೆಳುವಾಗುತ್ತದೆ. ನೂರಕ್ಕೆ ಇಟ್ಟರೂ ತಲುಪುವುದು 97ರ ಮೇಲೆ ಸ್ವಲ್ಪ. ವೆಂಟಿಲೇಟರಿನ ಉಸಿರು ಹೋಗುವ ಕೊಳವೆಗೆ ಗ್ಯಾಸ್ ಸೇರಿಸಿ, ರೋಗಿಯ ಬಾಯಿಯ ಹತ್ತಿರದಿಂದ ಅಳತೆಯ ಸಣ್ಣ ಪೈಪು ಎಳೆದೆವು. ಜೋಡಿಸುವ ಮುಂಚೆ ಪೈಪು ಚೆನ್ನಾಗಿ ಫ್ಲಶ್ ಮಾಡಲೇಬೇಕು. ಆಕ್ಸಿಜನ್ ಜೊತೆ ನಿಂತ ನೈಟ್ರಿಕ್ ಆಕ್ಸೈಡ್ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಅದು ಶ್ವಾಸಕೋಶಕ್ಕೆ ವಿಷ.

ಅರ್ಧ ಗಂಟೆಗೆ ಎಬಿಜಿ, ಅಂದರೆ ಅಪಧಮನಿಯ ರಕ್ತದ ಆಕ್ಸಿಜನ್ ಪರೀಕ್ಷೆ: 88. ಸಿಸ್ಟರ್ ಚೀಟಿ ಹಿಡಿದು ಓಡಿಯೇ ಬಂದರು. ಬೆಳಗಿನೊಳಗೆ ವೆಂಟಿಲೇಟರಿನ ಆಕ್ಸಿಜನ್ 70 ಪರ್ಸೆಂಟಿಗೆ ಇಳಿಸಿ, ಗ್ಯಾಸನ್ನೂ 10ಕ್ಕೆ ತಂದೆವು. ನಮ್ಮ ಎಬಿಜಿ ಯಂತ್ರ ಮೆಟ್‌ಹಿಮೋಗ್ಲೋಬಿನ್ (ಈ ಗ್ಯಾಸಿನಿಂದ ಕೆಟ್ಟು ಆಕ್ಸಿಜನ್ ಹೊರಲಾರದ ಹಿಮೋಗ್ಲೋಬಿನ್) ತೋರಿಸುತ್ತದೆ ಎಂಬುದು ಪುಣ್ಯ. ಅದು ಏರಿದರೆ ಬೆರಳಿನ ಪ್ರೋಬ್ ಸುಳ್ಳು ಹೇಳುತ್ತದೆ. ಅವನಿಗೆ 1.4 ಪರ್ಸೆಂಟ್ ದಾಟಲಿಲ್ಲ. ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ದಿನಾ ನೋಡಿದೆವು.

ತಪ್ಪು ಮಾಡಿದ್ದು ನಾಲ್ಕನೇ ದಿನ, ನಾನೇ. ಗ್ಯಾಸ್ 5ರಲ್ಲಿತ್ತು, ಸ್ಯಾಚುರೇಶನ್ 94. ಇಷ್ಟು ಕಮ್ಮಿ ಇರುವುದನ್ನು ತೆಗೆದರೇನು ಎಂದು ಮುಂಜಾನೆ ನಾಬ್ ಸೊನ್ನೆಗೆ ತಿರುಗಿಸಿ ಚಹಾಕ್ಕೆ ಹೋದೆ. ಹತ್ತು ನಿಮಿಷಕ್ಕೆ ಸಿಸ್ಟರ್ ಫೋನ್: 78, ಬಿಪಿಯೂ ಇಳಿಯುತ್ತಿದೆ. ಹೊರಗಿನಿಂದ ಬರುತ್ತಿರುವಾಗ ದೇಹ ತನ್ನದೇ ನೈಟ್ರಿಕ್ ಆಕ್ಸೈಡ್ ತಯಾರಿಸುವುದನ್ನು ಕಮ್ಮಿ ಮಾಡಿರುತ್ತದೆ. ಏಕಾಏಕಿ ನಿಲ್ಲಿಸಿದರೆ ಶ್ವಾಸಕೋಶದ ನಾಳಗಳು ಬಿಗಿದು ಹೃದಯದ ಬಲಭಾಗ ಸೋಲುತ್ತದೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ತಿರುಗಿ 5ಕ್ಕೆ ಇಟ್ಟ ಮೇಲೆ ಕೆಲವೇ ನಿಮಿಷದಲ್ಲಿ ಸುಧಾರಿಸಿದ. ನಂತರ ನಾಲ್ಕು ಗಂಟೆಗೊಮ್ಮೆ ಒಂದೊಂದು ಪಿಪಿಎಂ ಇಳಿಸಿ, 1ರಿಂದ ಸೊನ್ನೆಗೆ ಹೋಗುವಾಗ ಆಕ್ಸಿಜನ್ ಸ್ವಲ್ಪ ಏರಿಸಿಕೊಂಡು ತೆಗೆದೆವು. ಅವನು ಹನ್ನೊಂದನೇ ದಿನ ವೆಂಟಿಲೇಟರಿನಿಂದ ಹೊರಬಂದ. ಗ್ಯಾಸಿನಿಂದಲೇ ಬದುಕಿದ ಅಂತ ನಾನು ಯಾರಿಗೂ ಹೇಳಿಲ್ಲ. ಎಕ್ಮೋಗೆ ಕಳಿಸುವ ಪ್ರಸಂಗವೂ ಬರಲಿಲ್ಲ.

ಆಗಸ್ಟಿನಲ್ಲಿ ಇನ್ನೊಬ್ಬರು, ವಯಸ್ಸಾದ ಹೆಂಗಸು. 20ಕ್ಕೆ ಏನೂ ಆಗಲಿಲ್ಲ, 40ಕ್ಕೂ ಆಗಲಿಲ್ಲ. ಒಂದು ಗಂಟೆ ನೋಡಿ, ಹಂತ ಹಂತವಾಗಿ ಇಳಿಸಿ ನಿಲ್ಲಿಸಿದೆ. “ಇನ್ನೊಂದು ದಿನ ಇಟ್ಟು ನೋಡೋಣ ಸಾರ್, ದುಡ್ಡಿಗೆ ಯೋಚ್ನೆ ಮಾಡ್ಬೇಡಿ” ಅಂದ ಮಗ. ಬೇಡ ಅಂದೆ. ಪುನಃ ಬೋರಲು ಮಲಗಿಸಿದೆವು, ಮೂರನೇ ದಿನ ತೀರಿಕೊಂಡರು. ಸಿಲಿಂಡರ್ ಅದಕ್ಕೂ ಮುಂಚೆಯೇ ಮೈಸೂರಿಗೆ ಹೋಗಿತ್ತು, ಮುಕ್ಕಾಲು ಪಾಲು ತುಂಬಿಕೊಂಡೇ.