ಗೀಸರ್ ಕೊಳ್ಳುವ ಮೊದಲು ಬಕೆಟ್, ವೈರು, ಟ್ಯಾಂಕು ನೋಡಿಕೊಳ್ಳಿ

ಗೀಸರ್ ಕೊಳ್ಳಲು ಅಂಗಡಿಗೆ ಹೋದರೆ ಮೊದಲು ಬರುವ ಪ್ರಶ್ನೆ, ‘ಎಷ್ಟು ಲೀಟರಿಂದು ಬೇಕು?’. ಬಹಳ ಜನ ಪಕ್ಕದ ಮನೆಯಲ್ಲಿ ಎಷ್ಟಿದೆಯೋ ಅಷ್ಟು ಹೇಳಿಬಿಡುತ್ತಾರೆ. ಆಮೇಲೆ ಚಳಿಗಾಲದಲ್ಲಿ ಮೂರನೆಯವರು ಸ್ನಾನಕ್ಕೆ ಹೋಗುವ ಹೊತ್ತಿಗೆ ನೀರು ತಣ್ಣಗಾಗಿರುತ್ತದೆ, ಇಲ್ಲವೇ ಸ್ವಿಚ್ ಹಾಕಿದ ಕೂಡಲೇ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆರುವ ಸ್ವಿಚ್) ಬೀಳುತ್ತದೆ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಅರ್ಧ ಗಂಟೆ ಕೂತು ನಾಲ್ಕು ವಿಷಯ ನೋಡಿಕೊಂಡರೆ ಈ ಪೇಚಾಟ ಇರುವುದಿಲ್ಲ.

ಮೊದಲು: ಬಕೆಟ್ಟೋ, ಶವರೋ?

ನಿಮ್ಮ ಮನೆಯಲ್ಲಿ ಯಾರು ಹೇಗೆ ಸ್ನಾನ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಬಕೆಟ್ ಸ್ನಾನಕ್ಕೆ ಒಬ್ಬರಿಗೆ ಹದವಾದ ನೀರು 18ರಿಂದ 20 ಲೀಟರ್ ಸಾಕು. ಶವರ್ ಹಾಗಲ್ಲ. ನಿಮ್ಮ ಶವರ್ ಎಷ್ಟು ನೀರು ಬಿಡುತ್ತದೆ ಅಂತ ನೀವೇ ಅಳೆಯಬಹುದು. ಶವರ್ ಕೆಳಗೆ ಬಕೆಟ್ ಇಡಿ, ಪೂರ್ತಿ ತಿರುಗಿಸಿ, ಮೊಬೈಲಿನಲ್ಲಿ ಒಂದು ನಿಮಿಷ ನೋಡಿ ನಿಲ್ಲಿಸಿ. ಬಕೆಟ್ಟಿನಲ್ಲಿರುವ ನೀರನ್ನು ಲೀಟರ್ ಜಗ್ಗಿನಲ್ಲಿ ಎಣಿಸಿ ಸುರಿಯಿರಿ. 8 ಲೀಟರ್ ಬಂತು ಅಂದುಕೊಳ್ಳಿ. ಐದು ನಿಮಿಷ ನಿಂತರೆ 40 ಲೀಟರ್, ಅಂದರೆ ಎರಡು ಬಕೆಟ್.

ಈ 40 ಲೀಟರೂ ಗೀಸರಿನಿಂದ ಬರಬೇಕಾಗಿಲ್ಲ. ಟ್ಯಾಂಕಿನ ನೀರು 22 ಡಿಗ್ರಿ, ಗೀಸರಿನ ನೀರು 60 ಡಿಗ್ರಿ ಇದ್ದರೆ, 40 ಡಿಗ್ರಿಯ ಹದಕ್ಕೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಿಸಿನೀರು ಸಾಕು. ಒಂದು ಬಕೆಟ್ಟಿಗೆ ಸುಮಾರು 9 ಲೀಟರ್, ಐದು ನಿಮಿಷದ ಶವರಿಗೆ ಸುಮಾರು 19 ಲೀಟರ್. 15 ಲೀಟರ್ ಗೀಸರಿನಲ್ಲಿ ಒಂದೂವರೆ ಬಕೆಟ್ ಸ್ನಾನ ಆಗುತ್ತದೆ, ಒಂದು ಪೂರ್ತಿ ಶವರ್ ಆಗುವುದಿಲ್ಲ. ಬಿಸಿನೀರು ಹೊರಗೆ ಹೋದ ಹಾಗೆ ತಣ್ಣೀರು ಒಳಗೆ ಬಂದು ಬೆರೆಯುತ್ತದಲ್ವಾ, ಹಾಗಾಗಿ ಕೊನೆಯ ಎರಡು ಮೂರು ಲೀಟರ್ ಲೆಕ್ಕಕ್ಕೆ ಹಿಡಿಯಬೇಡಿ. ನಾಲ್ಕು ಜನ ಬೆಳಿಗ್ಗೆ ಒಬ್ಬರ ಹಿಂದೊಬ್ಬರು ಬಕೆಟ್ಟಿನಲ್ಲಿ ಸ್ನಾನ ಮಾಡುವ ಮನೆಗೆ, ಮಧ್ಯೆ ನೀರು ಕಾಯಲು ಸ್ವಲ್ಪ ಹೊತ್ತು ಬಿಟ್ಟರೆ, 15 ಲೀಟರ್ ನಡೆಯುತ್ತದೆ. ಶವರ್ ಬೇಕೇ ಬೇಕು ಅನ್ನುವವರು ಇದ್ದರೆ 25 ಲೀಟರ್ ತನ್ನಿ. ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನ ನೀರು ಜಾಸ್ತಿ ಬೇಕು, ನಿಜ. ಆದರೆ ದೀಪಾವಳಿಯ ಎಣ್ಣೆಸ್ನಾನವನ್ನು ಲೆಕ್ಕಕ್ಕಿಟ್ಟು ವರ್ಷಪೂರ್ತಿ ದೊಡ್ಡ ಗೀಸರ್ ಕಾಯಿಸುವುದು ಬೇಡ.

ಇನ್‌ಸ್ಟಂಟ್ ಗೀಸರ್ ಯಾರಿಗೆ?

ಮೂರು ಲೀಟರಿನ, 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಅಗ್ಗ, ಚಿಕ್ಕದು. ಅದಕ್ಕೇ ಮನಸ್ಸು ಹೋಗುತ್ತದೆ. ಇದರ ಶಕ್ತಿಗೆ ಮಿತಿ ಇದೆ. 22 ಡಿಗ್ರಿ ನೀರನ್ನು 42 ಡಿಗ್ರಿಗೆ ಏರಿಸಲು 3 ಕಿಲೋವ್ಯಾಟ್ ಇದ್ದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಅಷ್ಟೇ. ಬಕೆಟ್ ತುಂಬಲು ಎಂಟು ಒಂಬತ್ತು ನಿಮಿಷ ಬೇಕು. ಶವರಿನಲ್ಲಿ ನಿಮಿಷಕ್ಕೆ 7 ಲೀಟರ್ ಬಿಟ್ಟರೆ ಮೊದಲು ಒಳಗಿದ್ದ ಮೂರು ಲೀಟರ್ ಬಿಸಿ ಬರುತ್ತದೆ. ಆಮೇಲೆ ಬರುವ ನೀರು ಟ್ಯಾಂಕಿನ ನೀರಿಗಿಂತ 6 ಡಿಗ್ರಿಯಷ್ಟೇ ಬೆಚ್ಚಗಿರುತ್ತದೆ. ಮೈಮೇಲೆ ಅದು ತಣ್ಣೀರೇ. ಒಬ್ಬಿಬ್ಬರು ಇರುವ ಮನೆಗೆ, ಬಕೆಟ್ ಸ್ನಾನಕ್ಕೆ, ಅಡುಗೆಮನೆ ಸಿಂಕಿಗೆ ಇನ್‌ಸ್ಟಂಟ್ ಸರಿಯಾದ ಆಯ್ಕೆ. ಶವರಿಗೆ ನಾನಂತೂ ಬೇಡ ಅನ್ನುತ್ತೇನೆ.

‘ಇನ್‌ಸ್ಟಂಟ್ ಆದರೆ ಕರೆಂಟ್ ಉಳಿಯುತ್ತೆ’ ಅನ್ನುವ ಮಾತಿದೆ. ಒಂದು ಬಕೆಟ್ ನೀರು ಕಾಯಲು ಬೇಕಾದ ಕರೆಂಟ್ ಇನ್‌ಸ್ಟಂಟಿನಲ್ಲೂ, ನೀರು ಕಾಯಿಸಿ ಇಟ್ಟುಕೊಳ್ಳುವ 15, 25 ಲೀಟರಿನ ಸ್ಟೋರೇಜ್ ಗೀಸರಿನಲ್ಲೂ ಒಂದೇ. ಸ್ಟೋರೇಜ್ ಗೀಸರಿನಲ್ಲಿ ಹಾಳಾಗುವುದು, ಕಾದ ನೀರನ್ನು ಸುಮ್ನೆ ಇಟ್ಟುಕೊಂಡಾಗ ಟ್ಯಾಂಕಿನ ಗೋಡೆಯಿಂದ ಸೋರಿಹೋಗುವ ಬಿಸಿ. ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಆದಮೇಲೆ ಆರಿಸಿದರೆ ಆ ನಷ್ಟ ಕಡಿಮೆ. ದಿನವಿಡೀ ಆನ್ ಇಡುವ ಮನೆಯಲ್ಲಿ ಸ್ಟಾರ್ ರೇಟಿಂಗ್ ತುಂಬಾ ಮುಖ್ಯ. ಸ್ಟೋರೇಜ್ ಗೀಸರಿಗೆ ಬಿಇಇ (ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ) ಕೊಡುವ ಸ್ಟಾರುಗಳು ಹೇಳುವುದು ಇದೇ ಸೋರಿಕೆಯ ಲೆಕ್ಕವನ್ನು.

15 ಲೀಟರನ್ನು 22ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು ಮುಕ್ಕಾಲು ಯೂನಿಟ್ಟಿಗಿಂತ ಸ್ವಲ್ಪ ಕಡಿಮೆ ಬೀಳುತ್ತದೆ. 2 ಕಿಲೋವ್ಯಾಟಿನ ಗೀಸರಿಗೆ ಇಪ್ಪತ್ತು ನಿಮಿಷದ ಕೆಲಸ. ದಿನಕ್ಕೆ ಎರಡು ಸಲ ಕಾಯಿಸಿದರೆ ತಿಂಗಳಿಗೆ 40 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರುವ ಮನೆಯವರು ಈ 40ನ್ನು ಮರೆಯಬೇಡಿ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು.

ವೈರು ತಡೆಯುತ್ತದಾ?

ಎಲೆಕ್ಟ್ರಿಷಿಯನ್‌ನನ್ನು ಗೀಸರ್ ಬಂದಮೇಲೆ ಕರೆಯುವುದು ರೂಢಿ. ಮೊದಲೇ ಕರೆಯಿರಿ. 3 ಕಿಲೋವ್ಯಾಟ್ ಗೀಸರ್ 13 ಆಂಪಿಯರ್ ಎಳೆಯುತ್ತದೆ. 16 ಆಂಪಿಯರಿನ ಪವರ್ ಪ್ಲಗ್ ಬೇಕು. ಮೇನ್ ಬೋರ್ಡಿನಿಂದ ಅದಕ್ಕೇ ಬೇರೆ ಲೈನ್, ಬೇರೆ ಎಂಸಿಬಿ ಬೇಕು. ತಾಮ್ರದ ವೈರು 2.5 ಸ್ಕ್ವೇರ್ ಎಂಎಂಗಿಂತ ತೆಳ್ಳಗಿರಬಾರದು, 4 ಇದ್ದರೆ ನೆಮ್ಮದಿ. ಹಳೆ ಮನೆಗಳಲ್ಲಿ ಬಚ್ಚಲಮನೆಯ ಪ್ಲಗ್ಗಿಗೆ ಲೈಟಿನ ವೈರನ್ನೇ ಎಳೆದಿರುತ್ತಾರೆ. ಹತ್ತು ನಿಮಿಷ ಗೀಸರ್ ಓಡಿದಮೇಲೆ ಪ್ಲಗ್ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಪಿನ್ನಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ಅಲ್ಲಿಗೆ ಆ ಲೈನನ್ನು ನಿಲ್ಲಿಸಿ.

ವಿದೇಶಿ ಮಾದರಿಯ ಎಲೆಕ್ಟ್ರಿಕ್ ಶವರ್ ಈಗ ಆನ್‌ಲೈನಿನಲ್ಲೂ ಕಾಣುತ್ತದೆ. ಟ್ಯಾಂಕೇ ಇಲ್ಲ, ತಿರುಗಿಸಿದರೆ ಬಿಸಿನೀರು. ಬ್ರಿಟನ್ನಿನ ಮನೆಗಳಲ್ಲಿ ಇದು ಸಾಮಾನ್ಯ. ಆದರೆ ಅಲ್ಲಿನವು 8ರಿಂದ 10 ಕಿಲೋವ್ಯಾಟಿನವು. 10 ಕಿಲೋವ್ಯಾಟ್ ಅಂದರೆ 43 ಆಂಪಿಯರ್. ಅದಕ್ಕಾಗಿಯೇ ದಪ್ಪ ಕೇಬಲ್ ಎಳೆದಿರುತ್ತಾರೆ. ನಮ್ಮಲ್ಲಿ ಸಾಧಾರಣ ಮನೆಗೆ ಮಂಜೂರಾದ ಲೋಡೇ 3 ಅಥವಾ 5 ಕಿಲೋವ್ಯಾಟ್ ಇರುತ್ತದೆ. ನಿಮ್ಮದು ಎಷ್ಟು ಅಂತ ಕರೆಂಟ್ ಬಿಲ್ಲಿನಲ್ಲೇ ಬರೆದಿರುತ್ತಾರೆ, ನೋಡಿ. ನಲ್ಲಿಗೇ ಸಿಕ್ಕಿಸುವ, ಶವರಿನ ತಲೆಯೊಳಗೇ ಕಾಯಿಲ್ ಇರುವ, ಐಎಸ್ಐ ಗುರುತಿಲ್ಲದ ಅಗ್ಗದ ಸಾಮಾನನ್ನು ದಯವಿಟ್ಟು ತರಬೇಡಿ. ಒದ್ದೆ ಮೈಯಲ್ಲಿ ಅದರ ಕೆಳಗೆ ನಿಲ್ಲುವುದು ನಿಮ್ಮ ಮಕ್ಕಳು.

ಅರ್ತಿಂಗ್ ಸರಿಯಿದೆಯಾ ಅಂತ ಮೀಟರ್ ಹಿಡಿಸಿ ನೋಡಿ. 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಗೀಸರಿನ ಜೊತೆಗೇ ಹಾಕಿಸಿ. ಕರೆಂಟ್ ಸೋರಿದ ಕ್ಷಣಕ್ಕೆ ಲೈನ್ ಕಡಿಯುವುದು ಅದೇ. ಅದರ ಮೇಲಿನ ‘ಟೆಸ್ಟ್’ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳಬೇಕು.

ನೀರಿನ ಒತ್ತಡ, ನೀರಿನ ಗುಣ

ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಮಹಡಿ ಮೇಲಿನ ಟ್ಯಾಂಕು ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಬರುವುದು 0.3 ಬಾರ್. ಅಷ್ಟಕ್ಕೆ ದೊಡ್ಡ ರೇನ್ ಶವರ್ ಹಾಕಿದರೆ ಸಣ್ಣಗೆ ತೊಟ್ಟಿಕ್ಕುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಕಥೆ ಉಲ್ಟಾ. ಪ್ರೆಶರ್ ಪಂಪ್ ಇದ್ದರೆ, ಕೆಳಗಿನ ಮಹಡಿಯಲ್ಲಿದ್ದರೆ, 8 ಬಾರ್ ಅಂತ ಬರೆದಿರುವ ಗೀಸರನ್ನೇ ಕೇಳಿ.

ಒತ್ತಡಕ್ಕಿಂತ ಹೆಚ್ಚು ಗೀಸರ್ ಹಾಳಾಗುವುದು ಬೋರ್‌ವೆಲ್ ನೀರಿನಿಂದ. ಗಡಸು ನೀರಿನಲ್ಲಿರುವ ಸುಣ್ಣ ಕಾದಾಗ ಕಾಯಿಲ್ ಮೇಲೆ ಕೂರುತ್ತದೆ. ಎರಡು ವರ್ಷ ಬೋರ್ ನೀರು ಕುಡಿದ ಕಾಯಿಲನ್ನು ಬಿಚ್ಚಿ ನೋಡಿದರೆ ತಾಮ್ರವೇ ಕಾಣದಷ್ಟು ಬಿಳಿ ಪದರ ಇರುತ್ತದೆ, ಉಗುರಿನಲ್ಲಿ ಕೆರೆದರೆ ಚಕ್ಕೆ ಏಳುತ್ತದೆ. ನೀರು ಕಾಯುವುದು ನಿಧಾನವಾಗುತ್ತದೆ, ಕೊನೆಗೆ ಕಾಯಿಲ್ ಸುಟ್ಟುಹೋಗುತ್ತದೆ. ಒಳಟ್ಯಾಂಕಿಗೆ ಗಾಜಿನ ಲೇಪ ಇರುವುದನ್ನು, ಕಾಯಿಲ್ ಮೇಲೂ ಲೇಪ ಇರುವುದನ್ನು ಆರಿಸಿ. ಒಳಗೆ ಮೆಗ್ನೀಷಿಯಂ ಆನೋಡ್ ಕಡ್ಡಿ ಇರುತ್ತದೆ, ಟ್ಯಾಂಕಿನ ಉಕ್ಕು ತುಕ್ಕು ಹಿಡಿಯುವ ಬದಲು ಆ ಕಡ್ಡಿ ಸವೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಿ, ಪೆನ್ಸಿಲ್ಲಿನಷ್ಟು ಸಣ್ಣಗಾಗಿದ್ದರೆ ಬದಲಿಸಿ. ಥರ್ಮೋಸ್ಟಾಟನ್ನು 55 ಡಿಗ್ರಿಯ ಆಸುಪಾಸು ಇಟ್ಟರೆ ಸುಣ್ಣವೂ ಕಡಿಮೆ ಕೂರುತ್ತದೆ, ಮೈ ಸುಡುವ ಅಪಾಯವೂ ಕಡಿಮೆ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಗ್ಯಾಸ್ ಗೀಸರ್ ಬಗ್ಗೆ ಒಂದು ಮಾತು. ಕಿಟಕಿ ಮುಚ್ಚಿದ ಬಚ್ಚಲಮನೆಯಲ್ಲಿ ಅದರಿಂದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಂಡು ಜನ ಸತ್ತಿದ್ದಾರೆ. ಆ ಅನಿಲಕ್ಕೆ ವಾಸನೆಯಿಲ್ಲ. ಈಗಾಗಲೇ ಇದ್ದರೆ ಗೀಸರನ್ನು ಹೊರಗೋಡೆಗೆ ಹಾಕಿಸಿ, ಪೈಪ್ ಮಾತ್ರ ಒಳಗೆ ಬರಲಿ.

ಕೂರಿಸುವ ದಿನ

ಅಡ್ಡ ಕೂರುವ ಗೀಸರ್ ಬೇರೆ, ನೆಟ್ಟಗೆ ಕೂರುವುದು ಬೇರೆ. ಒಂದನ್ನು ಇನ್ನೊಂದರ ಹಾಗೆ ಹಾಕಬಾರದು. 25 ಲೀಟರಿನದು ತುಂಬಿದಾಗ ನೀರೇ 25 ಕಿಲೋ, ಮೇಲೆ ಗೀಸರಿನ ಭಾರ. ಹಾಲೋ ಬ್ಲಾಕ್ ಗೋಡೆಯಾದರೆ ಸಾಧಾರಣ ಬೋಲ್ಟು ಸಾಲದು ಅಂತ ಫಿಟ್ಟರಿಗೆ ಮೊದಲೇ ಹೇಳಿ. ಬಿಸಿನೀರಿನ ಕಡೆಗೆ ಸಿಪಿವಿಸಿ ಪೈಪೇ ಆಗಬೇಕು, ಮಾಮೂಲಿ ಪಿವಿಸಿ ಬಾಗಿಹೋಗುತ್ತದೆ.

ಗೀಸರಿನ ಕೆಳಗಿನ ಸೇಫ್ಟಿ ವಾಲ್ವಿನಿಂದ ಕಾಯುವಾಗ ಒಂದೆರಡು ಹನಿ ಬೀಳುತ್ತದೆ. ಕಾದ ನೀರು ಹಿಗ್ಗುತ್ತದೆ, ಹಿಗ್ಗಿದ್ದು ಅಲ್ಲಿಂದ ಹೊರಬರುತ್ತದೆ. ಸೋರಿಕೆ ಅಂದುಕೊಂಡು ಎಂ-ಸೀಲ್ ಮೆತ್ತಿದ ವಾಲ್ವುಗಳನ್ನು ಎಷ್ಟೋ ಮನೆಗಳಲ್ಲಿ ನೋಡಬಹುದು. ಹಾಗೆ ಮುಚ್ಚಿದ ಮೇಲೆ ಥರ್ಮೋಸ್ಟಾಟ್ ಕೈಕೊಟ್ಟರೆ ಒಳಗಿನ ಒತ್ತಡಕ್ಕೆ ದಾರಿಯೇ ಇಲ್ಲ, ಗೀಸರ್ ಸಿಡಿಯುತ್ತದೆ. ಹನಿ ತೊಂದರೆ ಅನಿಸಿದರೆ ಸಣ್ಣ ಪೈಪ್ ಸಿಕ್ಕಿಸಿ ಬಚ್ಚಲಿಗೆ ಬಿಡಿ.

ಬಿಲ್ಲು, ವಾರಂಟಿ ಕಾರ್ಡಿನ ಫೋಟೊ ಅಲ್ಲೇ ತೆಗೆದಿಟ್ಟುಕೊಳ್ಳಿ. ಟ್ಯಾಂಕಿಗೊಂದು, ಕಾಯಿಲಿಗೊಂದು, ಉಳಿದ ಭಾಗಗಳಿಗೊಂದು ಅಂತ ವಾರಂಟಿ ಬೇರೆ ಬೇರೆ ಇರುತ್ತದೆ. ಫಿಟ್ಟರ್ ಹೋಗುವ ಮುಂಚೆ ಬಿಸಿನೀರಿನ ನಲ್ಲಿ ತೆರೆಯಿಸಿ. ಮೊದಲು ಗಾಳಿ ಬುಸುಗುಟ್ಟುತ್ತದೆ, ಆಮೇಲೆ ನೀರು ಒಂದೇ ಸಮ ಬರುತ್ತದೆ. ಹಾಗೆ ಬಂದಮೇಲೆಯೇ ಸ್ವಿಚ್ ಹಾಕಬೇಕು, ಖಾಲಿ ಟ್ಯಾಂಕಿನಲ್ಲಿ ಹಾಕಿದರೆ ಹೊಸ ಕಾಯಿಲ್ ಅವತ್ತೇ ಸುಟ್ಟುಹೋಗುತ್ತದೆ.